ಕೂಸು ಹುಟ್ಟುವ ಮುಂಚೆ ಕುಲಾವಿ: ಕರಡು ಹಂತದ ವೈ-ಫೈ ರೂಟರ್ ಕೊಳ್ಳುವವರಿಗೆ

ವೈ-ಫೈನ ಮುಂದಿನ ತಲೆಮಾರಾದ ವೈ-ಫೈ 8 ಅಂಗಡಿಯ ಹೊಸ್ತಿಲಿಗೆ ಬಂದು ನಿಂತಿದೆ. 2025ರ ಅಕ್ಟೋಬರಿನಲ್ಲಿ ಬ್ರಾಡ್‌ಕಾಮ್ ಅದರ ಚಿಪ್‌ಗಳನ್ನು ಘೋಷಿಸಿತು. ಅದೇ ತಿಂಗಳು ಟಿಪಿ-ಲಿಂಕ್ ತನ್ನ ಪ್ರಯೋಗ ಮಾದರಿಯಲ್ಲಿ ದತ್ತಾಂಶ ಹರಿದಾಡಿತೆಂದು ಪ್ರಕಟಿಸಿತು. 2026ರ ಜನವರಿಯಲ್ಲಿ ಲಾಸ್ ವೇಗಸ್‌ನ ಸಿಇಎಸ್ ಮೇಳದಲ್ಲಿ ಆಸುಸ್ ತನ್ನ ಮಾದರಿಯನ್ನು ಪ್ರದರ್ಶನಕ್ಕಿಟ್ಟು, ಮನೆ ಬಳಕೆಯ ರೂಟರನ್ನು ಅದೇ ವರ್ಷ ಮಾರಾಟಕ್ಕೆ ತರುವುದಾಗಿ ಹೇಳಿತು. ಇಷ್ಟೆಲ್ಲ ಆದರೂ ಇದಕ್ಕೆ ಆಧಾರವಾದ 802.11ಬಿಎನ್ ಎಂಬ ಮಾನದಂಡ (ಎಲ್ಲ ಕಂಪನಿಗಳ ಸಾಧನಗಳೂ ಪಾಲಿಸಬೇಕಾದ ತಾಂತ್ರಿಕ ನಿಯಮಾವಳಿ) ಇನ್ನೂ ಕರಡು ಹಂತದಲ್ಲಿದೆ. ಇಂಥ ಮಾನದಂಡಗಳನ್ನು ರೂಪಿಸುವ ಎಂಜಿನಿಯರುಗಳ ಸಂಸ್ಥೆ ಐಇಇಇ ತನ್ನ ವೇಳಾಪಟ್ಟಿಯಲ್ಲಿ ಅಂತಿಮ ಒಪ್ಪಿಗೆಗೆ ಗುರುತು ಹಾಕಿಕೊಂಡಿರುವುದು 2028ಕ್ಕೆ. ಈ ನಡುವಿನ ಅವಧಿಯಲ್ಲಿ ‘ಹೊಸದು, ಭವಿಷ್ಯಕ್ಕೆ ಸಿದ್ಧ’ ಎಂಬ ಡಬ್ಬಿಗಳು ಸಾಲಾಗಿ ಬರಲಿವೆ. ಅವುಗಳಿಗೆ ದುಡ್ಡು ಹಾಕಬೇಕೇ, ಹಾಕುವುದಾದರೆ ಏನೇನು ನೋಡಿಕೊಳ್ಳಬೇಕು ಎಂಬುದು ಈ ಲೇಖನದ ವಿಷಯ.

ಕೊಳ್ಳಲೇಬಾರದು ಎನ್ನುವವನು ನಾನಲ್ಲ. ಕರಡು ಹಂತದಲ್ಲಿ ಕೊಂಡ ರೂಟರನ್ನು ವರ್ಷಗಟ್ಟಲೆ ನೆಮ್ಮದಿಯಾಗಿ ಬಳಸಿದವರಿದ್ದಾರೆ, ಕೈ ಸುಟ್ಟುಕೊಂಡವರೂ ಇದ್ದಾರೆ. ಇಬ್ಬರ ನಡುವಿನ ವ್ಯತ್ಯಾಸ ಅದೃಷ್ಟದ್ದಲ್ಲ. ರೂಟರಿನೊಳಗೆ ಬೆಸುಗೆ ಹಾಕಿ ಕೂರಿಸಿದ್ದು ಯಾವುದು, ತಂತ್ರಾಂಶದಿಂದ ತಿದ್ದಬಹುದಾದದ್ದು ಯಾವುದು ಎಂದು ಬೇರ್ಪಡಿಸಿ ನೋಡಿದವರು ಬಚಾವಾದರು. ಮುಂದೆ ಬರಲಿರುವ ಸೌಲಭ್ಯದ ಭರವಸೆಗೇ ಹಣ ತೆತ್ತವರು ಕೆಟ್ಟರು.

ಹಳೆಯ ಲೆಕ್ಕ: 802.11ಎನ್

ಕರಡು ರೂಟರುಗಳ ವಿಷಯದಲ್ಲಿ ಏನೆಲ್ಲ ಎಡವಟ್ಟಾಗಬಹುದೋ ಅದೆಲ್ಲ ಒಂದೇ ಮಾನದಂಡದ ಕಾಲದಲ್ಲಿ ಆಗಿಹೋಗಿದೆ. ಆದ್ದರಿಂದ ಅದನ್ನು ತುಸು ವಿವರವಾಗಿಯೇ ಹೇಳುತ್ತೇನೆ.

2003ರಲ್ಲಿ ಐಇಇಇ 802.11ಎನ್‌ಗಾಗಿ ಕಾರ್ಯತಂಡ ರಚಿಸಿತು. ಹಲವು ಆಂಟೆನಾಗಳಿಂದ ಏಕಕಾಲಕ್ಕೆ ಬೇರೆ ಬೇರೆ ದತ್ತಾಂಶ ಕಳಿಸುವ ಮೈಮೊ ತಂತ್ರ ಅದರ ಜೀವಾಳ. ಮೊದಲ ಕರಡು ಕೂಡ ಸಿದ್ಧವಾಗದಿದ್ದ 2004ರಲ್ಲೇ ಬೆಲ್ಕಿನ್ ಕಂಪನಿ ‘ಪ್ರಿ-ಎನ್’ ಎಂದು ಹೆಸರಿಟ್ಟ ರೂಟರನ್ನು ಅಮೆರಿಕದ ಅಂಗಡಿಗಳಿಗೆ ತಂದಿತು. ಒಳಗಿದ್ದದ್ದು ಏರ್‌ಗೋ ನೆಟ್‌ವರ್ಕ್ಸ್ ಎಂಬ ಸಣ್ಣ ಕಂಪನಿಯ ಚಿಪ್. ಚಿಪ್ ಕೆಟ್ಟದ್ದೇನಲ್ಲ. ಆಗಿನ ಸಾಧಾರಣ ‘ಜಿ’ (ಹಿಂದಿನ 802.11ಜಿ ಮಾನದಂಡದ) ಲ್ಯಾಪ್‌ಟಾಪ್‌ಗಳಿಗೂ ಅದರ ಸಿಗ್ನಲ್ ಹೆಚ್ಚು ದೂರ ಮುಟ್ಟುತ್ತಿತ್ತು. ಆದರೆ ಪೂರ್ಣ ವೇಗ ಬೇಕೆಂದರೆ ಲ್ಯಾಪ್‌ಟಾಪಿಗೂ ಅದೇ ಏರ್‌ಗೋ ಚಿಪ್ಪಿನ ಕಾರ್ಡ್ ಕೊಂಡು ಹಾಕಬೇಕಿತ್ತು. ಮುಂದೆ ನಿಜವಾದ ‘ಎನ್’ ಬಂದಾಗ ಆ ರೂಟರನ್ನು ಅದಕ್ಕೆ ಏರಿಸಲು ದಾರಿಯೇ ಇರಲಿಲ್ಲ. ಎನ್ ಇದ್ದದ್ದು ಹೆಸರಿನಲ್ಲಿ ಮಾತ್ರ. ವೈ-ಫೈ ಸಾಧನಗಳಿಗೆ ಪ್ರಮಾಣಪತ್ರ ಕೊಡುವ ವೈ-ಫೈ ಅಲಯನ್ಸ್ ಅದೇ 2004ರಲ್ಲಿ, ಅಂತಿಮವಾಗದ ಎನ್‌ಗೆ ತಾನು ಪ್ರಮಾಣಪತ್ರ ಕೊಡುವುದಿಲ್ಲವೆಂದು ಎಚ್ಚರಿಸಿತ್ತು. ಯಾರು ಕೇಳಿದರು?

2006ರಲ್ಲಿ ಮೊದಲ ಕರಡು ಮತಕ್ಕೆ ಬಂತು. ಗೆಲ್ಲಲು ಬೇಕಿದ್ದದ್ದು ಶೇ 75ರಷ್ಟು ಮತ. ಬಿದ್ದದ್ದು ಅರ್ಧಕ್ಕಿಂತ ಕಡಿಮೆ. ಜೊತೆಗೆ ಸುಮಾರು 12,000 ಆಕ್ಷೇಪ, ಟಿಪ್ಪಣಿಗಳು. ಈ ಸೋತ ಕರಡನ್ನೇ ಹಿಡಿದು ಲಿಂಕ್‌ಸಿಸ್, ನೆಟ್‌ಗಿಯರ್, ಬಫಲೊ, ಬೆಲ್ಕಿನ್ ಕಂಪನಿಗಳು ‘ಡ್ರಾಫ್ಟ್-ಎನ್’ ರೂಟರುಗಳನ್ನು ಮಾರಾಟಕ್ಕಿಟ್ಟವು. ಒಂದು ಚಿಪ್ಪಿನ ರೂಟರಿಗೆ ಇನ್ನೊಂದು ಚಿಪ್ಪಿನ ಕಾರ್ಡ್ ಜೋಡಿಸಿದರೆ ವೇಗ ಹಳೆಯ ‘ಜಿ’ ಮಟ್ಟಕ್ಕೆ ಕುಸಿಯುತ್ತಿತ್ತು. ವೈ-ಫೈ ಬಳಸುವ ರೇಡಿಯೊ ಪಟ್ಟಿಗಳಲ್ಲಿ (ಬ್ಯಾಂಡ್) ಒಂದಾದ 2.4 ಗಿಗಾಹರ್ಟ್ಸ್‌ನಲ್ಲಿ ಎರಡು ಚಾನೆಲ್‌ಗಳಷ್ಟು ಅಗಲ ಹರಡಿ ಕೂತು, ಪಕ್ಕದ ಮನೆಯವರ ಜಾಲವನ್ನು ತುಳಿದುಹಾಕುವುದೂ ಇತ್ತು. ಲಿಂಕ್‌ಸಿಸ್ ಡಬ್ಲ್ಯುಆರ್‌ಟಿ300ಎನ್ ಮಾದರಿಯ ಹೆಸರಿನಲ್ಲಿ 300 ಎಂಬಿಪಿಎಸ್‌ನ ಹಮ್ಮು ಇತ್ತು; ಹಿಂಬದಿಯ ತಂತಿ ಪೋರ್ಟುಗಳ ಮಿತಿ ಮಾತ್ರ 100 ಎಂಬಿಪಿಎಸ್. ಗಾಳಿಯಲ್ಲಿ ಎಷ್ಟೇ ವೇಗವಾಗಿ ಬಂದರೂ ತಂತಿಗೆ ಇಳಿಯುವಾಗ ನೂರಕ್ಕೆ ನಿಲ್ಲಬೇಕು.

2007ರ ಮಾರ್ಚ್‌ನಲ್ಲಿ ಕರಡು 2.0 ಪಾಸಾಯಿತು. ಇಷ್ಟರಲ್ಲಿ ಮನಸ್ಸು ಬದಲಿಸಿದ್ದ ವೈ-ಫೈ ಅಲಯನ್ಸ್ ಅದೇ ಜೂನ್‌ನಿಂದ ಆ ಕರಡಿನ ಆಧಾರದ ಮೇಲೆಯೇ ಪ್ರಮಾಣಪತ್ರ ಕೊಡತೊಡಗಿತು. ಅಂತಿಮ ಒಪ್ಪಿಗೆ ಸಿಕ್ಕಿದ್ದು 2009ರ ಸೆಪ್ಟೆಂಬರಿನಲ್ಲಿ. ಕರಡು 2.0ರ ಪ್ರಮಾಣಪತ್ರ ಪಡೆದ ಸಾಧನಗಳು ಅಂತಿಮ ಮಾನದಂಡದ ಜೊತೆಗೂ ಹೊಂದಿಕೊಂಡವು, ಅವನ್ನು ಮತ್ತೆ ಪರೀಕ್ಷೆಗೆ ಒಡ್ಡಬೇಕಾಗಲಿಲ್ಲ. ಅಂದರೆ 2006ರಲ್ಲಿ ಕೊಂಡವರೂ ಕರಡನ್ನೇ ಕೊಂಡರು, 2007ರ ಕೊನೆಯಲ್ಲಿ ಕೊಂಡವರೂ ಕರಡನ್ನೇ ಕೊಂಡರು. ಮೊದಲಿನವರಿಗೆ ನಷ್ಟ, ಎರಡನೆಯವರಿಗೆ ಏನೂ ಆಗಲಿಲ್ಲ.

ಇದೇ ಕಾಲದ ಇನ್ನೆರಡು ಸಂಗತಿ ಹೇಳಬೇಕು. ಆಪಲ್ ತನ್ನ ಕೋರ್ 2 ಡ್ಯುಯೋ ಮ್ಯಾಕ್‌ಗಳಲ್ಲಿ ಎನ್ ಚಿಪ್ಪನ್ನು ಸದ್ದಿಲ್ಲದೆ ಇಟ್ಟು ಮಾರಿತ್ತು. 2007ರಲ್ಲಿ 1.99 ಡಾಲರಿನ ಸಣ್ಣ ತಂತ್ರಾಂಶ ಹಾಕಿಕೊಂಡರೆ ಅದು ಎಚ್ಚರಗೊಳ್ಳುತ್ತಿತ್ತು. ಒಳಗೆ ಸರಿಯಾದ ಚಿಪ್ ಇದ್ದರೆ ಎರಡು ಡಾಲರಿನ ಕೆಲಸ, ಇಲ್ಲದಿದ್ದರೆ ಎಷ್ಟು ಡಾಲರ್ ಸುರಿದರೂ ಆಗದ ಕೆಲಸ. ಇನ್ನೊಂದು, ಮಾನದಂಡ ಅಂತಿಮವಾಗುವ ಮೊದಲಿನ ಪೇಟೆಂಟ್ ಜಗಳ. ಆಸ್ಟ್ರೇಲಿಯಾದ ಸರಕಾರಿ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ಓ ಹೂಡಿದ ಮೊಕದ್ದಮೆಯಲ್ಲಿ ಸೋತ ಬಫಲೊ, 2007ರಲ್ಲಿ ಅಮೆರಿಕದಲ್ಲಿ ವೈ-ಫೈ ಸಾಧನ ಮಾರುವುದನ್ನೇ ನಿಲ್ಲಿಸಬೇಕಾಯಿತು.

ಎಲ್ಲ ಕರಡುಗಳೂ ಹೀಗೆಯೇ ಎಂದುಕೊಳ್ಳಬೇಡಿ. ಅದಕ್ಕೂ ಮೊದಲಿನ 802.11ಜಿ ಅಂತಿಮವಾದದ್ದು 2003ರ ಜೂನ್‌ನಲ್ಲಿ. ಅದರ ರೂಟರುಗಳು ಹಿಂದಿನ ವರ್ಷದ ಕೊನೆಗೇ ಬಂದಿದ್ದವು. ಬಹುಪಾಲು ರೂಟರುಗಳು ಫರ್ಮ್‌ವೇರ್ (ರೂಟರಿನೊಳಗೆ ಓಡುವ ತಂತ್ರಾಂಶ) ಬದಲಿಸಿದ ಮಾತ್ರಕ್ಕೆ ಸರಿಹೋದವು. ಕರಡು ಬಹುತೇಕ ಮುಗಿದ ಹಂತದಲ್ಲಿತ್ತು, ಅಂತರ ಕೆಲವೇ ತಿಂಗಳಿನದಾಗಿತ್ತು.

ಹಂತ 1: ಕರಡು ಎಲ್ಲಿಗೆ ಬಂದಿದೆ ನೋಡಿ

ಜಾಹೀರಾತಿನಲ್ಲಿ ‘ವೈ-ಫೈ 8’ ಎಂದು ಬರೆಯಲು ಯಾರ ಅಪ್ಪಣೆಯೂ ಬೇಕಿಲ್ಲ ಎಂಬಂತೆ ಕಂಪನಿಗಳು ನಡೆದುಕೊಳ್ಳುತ್ತವೆ. ನೀವು ನೋಡಬೇಕಾದ್ದು ಎರಡು ದಿನಾಂಕ. ಒಂದು ಐಇಇಇ ಒಪ್ಪಿಗೆಯದು, ಇನ್ನೊಂದು ವೈ-ಫೈ ಅಲಯನ್ಸ್ ಪ್ರಮಾಣಪತ್ರ ಶುರುವಾಗುವುದು. ಕೊಳ್ಳುವವನಿಗೆ ಮುಖ್ಯವಾದದ್ದು ಎರಡನೆಯದೇ, ಯಾಕೆಂದರೆ ಬೇರೆ ಬೇರೆ ಕಂಪನಿಗಳ ಸಾಧನಗಳನ್ನು ಎದುರುಬದುರು ಕೂರಿಸಿ ಪರೀಕ್ಷಿಸುವುದು ಅಲ್ಲಿ. ವೈ-ಫೈ 6ಕ್ಕೆ ಪ್ರಮಾಣಪತ್ರ ಶುರುವಾದದ್ದು 2019ರ ಸೆಪ್ಟೆಂಬರಿನಲ್ಲಿ, ಐಇಇಇ ಒಪ್ಪಿಗೆ 2021ರ ಫೆಬ್ರುವರಿಯಲ್ಲಿ. ವೈ-ಫೈ 7ಕ್ಕೆ ಪ್ರಮಾಣಪತ್ರ 2024ರ ಜನವರಿಯಲ್ಲಿ, ಒಪ್ಪಿಗೆ ಅದೇ ಸೆಪ್ಟೆಂಬರಿನಲ್ಲಿ, ಮಾನದಂಡದ ಪ್ರಕಟಣೆ 2025ರ ಜುಲೈಯಲ್ಲಿ. ಪ್ರಕಟಣೆಯವರೆಗೆ ಕಾದವರು ಸುಮ್ಮನೆ ಒಂದೂವರೆ ವರ್ಷ ಕಾದರು. 2023ರಲ್ಲಿ, ಅಂದರೆ ಪ್ರಮಾಣಪತ್ರಕ್ಕೂ ಮೊದಲು ಕೊಂಡವರು ಅಪಾಯಕ್ಕೆ ಒಡ್ಡಿಕೊಂಡರು.

ಅಲಯನ್ಸಿನ ಜಾಲತಾಣದಲ್ಲಿ ಪ್ರಮಾಣಪತ್ರ ಪಡೆದ ಸಾಧನಗಳ ಪಟ್ಟಿ ಇದೆ. ಕೊಳ್ಳಲು ಹೊರಟ ಮಾದರಿಯ ಪೂರ್ತಿ ಸಂಖ್ಯೆ ಕೊಟ್ಟು ಹುಡುಕಿ. ಸಿಗದಿದ್ದರೆ ತಕ್ಷಣ ತಿರಸ್ಕರಿಸಬೇಕಿಲ್ಲ, ಕೆಲವು ಕಂಪನಿಗಳು ಪ್ರತಿ ಮಾದರಿಗೂ ಪ್ರಮಾಣಪತ್ರ ಪಡೆಯುವ ಗೋಜಿಗೆ ಹೋಗುವುದಿಲ್ಲ. ಆದರೆ ಅದೇ ಕಂಪನಿಯ ಒಂದು ಮಾದರಿಯೂ ಪಟ್ಟಿಯಲ್ಲಿಲ್ಲ ಎಂದಾದರೆ ಹೊಸ ಮಾನದಂಡದ ಹೆಸರಿನಲ್ಲಿ ಹೆಚ್ಚಿನ ಒಂದು ರೂಪಾಯಿಯನ್ನೂ ಕೊಡಬೇಡಿ.

ಹಂತ 2: ಮನೆಯ ಸಾಧನಗಳ ಪಟ್ಟಿ ಮಾಡಿ

ವೈ-ಫೈ ಇಬ್ಬರ ಮಾತುಕತೆ. ರೂಟರಿಗೆ ಹೊಸ ಭಾಷೆ ಬಂದರೆ ಸಾಲದು, ಫೋನಿಗೂ ಬರಬೇಕು. ಒಂದು ಹಾಳೆಯಲ್ಲಿ ಮನೆಯ ಫೋನು, ಲ್ಯಾಪ್‌ಟಾಪ್, ಟಿವಿ, ಸಿಸಿಟಿವಿ ಕ್ಯಾಮೆರಾ, ಪ್ರಿಂಟರ್ ಎಲ್ಲ ಬರೆದು, ಪ್ರತಿಯೊಂದರ ಮುಂದೆ ಅದು ಯಾವ ವೈ-ಫೈ ಎಂದು ಗುರುತಿಸಿ. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ವೈ-ಫೈ ಸೆಟ್ಟಿಂಗ್‌ನೊಳಗೆ ಸಂಪರ್ಕದ ಪ್ರಾಪರ್ಟೀಸ್ ತೆರೆದರೆ ‘ಪ್ರೊಟೊಕಾಲ್’ ಎಂಬ ಸಾಲಿನಲ್ಲಿ ವೈ-ಫೈ 5, ವೈ-ಫೈ 6 ಎಂದು ಬರೆದಿರುತ್ತದೆ. ಅದು ಈಗಿನ ರೂಟರಿನೊಂದಿಗಿನ ಸಂಪರ್ಕದ ಲೆಕ್ಕ. ಲ್ಯಾಪ್‌ಟಾಪಿನ ಪೂರ್ಣ ಸಾಮರ್ಥ್ಯ ಬೇಕಾದರೆ ಅದರ ವೈ-ಫೈ ಕಾರ್ಡಿನ ಮಾದರಿಯನ್ನು ಹುಡುಕಿ ನೋಡಿ. ಫೋನಿನದು ಕಂಪನಿಯ ತಾಣದ ವಿವರಪಟ್ಟಿಯಲ್ಲಿ ಸಿಗುತ್ತದೆ.

ಹಾಗೆಯೇ ಆಪರೇಟಿಂಗ್ ಸಿಸ್ಟಂ ಕೂಡ ನೋಡಿ. ವೈ-ಫೈ 7 ರೂಟರುಗಳು 2023ರಲ್ಲಿ ಅಂಗಡಿಗೆ ಬಂದವು. ವಿಂಡೋಸ್ ಅದಕ್ಕೆ ಬೆಂಬಲ ಕೊಟ್ಟದ್ದು 2024ರ ಕೊನೆಭಾಗದ 24ಎಚ್2 ಆವೃತ್ತಿಯಲ್ಲಿ. ಐಫೋನಿಗೆ ವೈ-ಫೈ 7 ಬಂದದ್ದು 2024ರ ಸೆಪ್ಟೆಂಬರಿನ 16ನೇ ಮಾದರಿಯಿಂದ. ಅದೂ 160 ಮೆಗಾಹರ್ಟ್ಸ್ ಅಗಲದ ಚಾನೆಲ್‌ವರೆಗೆ ಮಾತ್ರ. ರೂಟರಿನ ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿದ್ದ 320 ಮೆಗಾಹರ್ಟ್ಸ್ ಅದಕ್ಕೆ ಉಪಯೋಗವಿಲ್ಲ.

ವೈ-ಫೈ 8ರ ವಿಷಯದಲ್ಲಿ ಈ ಹಂತ ಇನ್ನೂ ಮುಖ್ಯ. ಅದರ ಗುರಿ ಗರಿಷ್ಠ ವೇಗ ಏರಿಸುವುದಲ್ಲ. ಸಿಗ್ನಲ್ ದುರ್ಬಲವಾದ ಕಡೆ ವೇಗ ಶೇ 25ರಷ್ಟು ಹೆಚ್ಚಿಸುವುದು, ವಿಳಂಬವನ್ನು ಅಷ್ಟೇ ಪ್ರಮಾಣದಲ್ಲಿ ತಗ್ಗಿಸುವುದು, ಒಂದು ಆ್ಯಕ್ಸೆಸ್ ಪಾಯಿಂಟಿನಿಂದ (ವೈ-ಫೈ ಸಿಗ್ನಲ್ ಹೊರಡಿಸುವ ಘಟಕ) ಇನ್ನೊಂದಕ್ಕೆ ಹೋಗುವಾಗ ದತ್ತಾಂಶ ಕಳೆದುಹೋಗುವುದನ್ನು ಕಡಿಮೆ ಮಾಡುವುದು ಕಾರ್ಯತಂಡ ಹಾಕಿಕೊಂಡ ಗುರಿಗಳು. ಅಕ್ಕಪಕ್ಕದ ಆ್ಯಕ್ಸೆಸ್ ಪಾಯಿಂಟುಗಳು ಪರಸ್ಪರ ಮಾತಾಡಿಕೊಂಡು ಸರದಿಯಲ್ಲಿ ಪ್ರಸಾರ ಮಾಡುವ ಸೌಲಭ್ಯಗಳು ಅದರ ಮುಖ್ಯ ಆಕರ್ಷಣೆ. ಅವುಗಳಿಗೆ ಕನಿಷ್ಠ ಎರಡು ವೈ-ಫೈ 8 ಆ್ಯಕ್ಸೆಸ್ ಪಾಯಿಂಟುಗಳಾದರೂ ಬೇಕು. ಎರಡು ಕೋಣೆಯ ಮನೆಯಲ್ಲಿ ಒಂದೇ ರೂಟರ್ ಇಟ್ಟುಕೊಂಡವರಿಗೆ, ವೈ-ಫೈ 8 ಫೋನೂ ಇಲ್ಲದಿದ್ದಾಗ, ಸಿಗುವುದು ಒಂದು ಒಳ್ಳೆಯ ವೈ-ಫೈ 7 ರೂಟರ್ ಅಷ್ಟೇ, ಹೆಚ್ಚಿನ ಬೆಲೆಗೆ.

ಹಂತ 3: ಡಬ್ಬಿಯ ಮೇಲಿನ ಅಂಕಿ ಬಿಡಿಸಿ

ಕರಡು ಕಾಲದ ರೂಟರುಗಳನ್ನು ಮಾರುವುದು ದೊಡ್ಡ ಅಂಕಿಗಳ ಬಲದಿಂದ. ಒಂದು ಡಬ್ಬಿಯನ್ನೇ ಬಿಡಿಸಿ ನೋಡೋಣ. ‘ಬಿಇ3600’ ಎಂದು ಬರೆದಿರುವ ವೈ-ಫೈ 7 ರೂಟರ್ ಅಗ್ಗದ ದರ್ಜೆಯದು. 3600 ಎಂಬುದು ಹೇಗೆ ಬಂತು? 2.4 ಗಿಗಾಹರ್ಟ್ಸ್ ಬ್ಯಾಂಡಿನ ಸೈದ್ಧಾಂತಿಕ ವೇಗ 688 ಎಂಬಿಪಿಎಸ್, 5 ಗಿಗಾಹರ್ಟ್ಸ್‌ನದು 2882. ಎರಡನ್ನೂ ಕೂಡಿದರೆ 3570. ಅದನ್ನು ಮೇಲಕ್ಕೆ ದುಂಡಾಗಿಸಿದ್ದಾರೆ. ಸಾಮಾನ್ಯ ಫೋನು ಒಮ್ಮೆಗೆ ಒಂದೇ ಬ್ಯಾಂಡಿಗೆ ಅಂಟಿಕೊಳ್ಳುವುದರಿಂದ ಈ ಮೊತ್ತ ಯಾವ ಫೋನಿಗೂ ಸಿಗುವಂಥದ್ದಲ್ಲ. 5 ಗಿಗಾಹರ್ಟ್ಸ್‌ನ 2882 ಕೂಡ 160 ಮೆಗಾಹರ್ಟ್ಸ್ ಅಗಲದಲ್ಲಿ ಎರಡು ಆಂಟೆನಾಗಳಿಂದ ಮಾತಾಡುವ ವೈ-ಫೈ 7 ಫೋನಿಗೆ ಮಾತ್ರ. 80 ಮೆಗಾಹರ್ಟ್ಸ್‌ನ ವೈ-ಫೈ 6 ಫೋನಿಗೆ ಅದೇ ರೂಟರ್ ತೋರಿಸುವ ಸಂಪರ್ಕ ವೇಗ 1201. ಗೋಡೆ, ಅಕ್ಕಪಕ್ಕದ ಜಾಲ, ವೈ-ಫೈನ ಸ್ವಂತ ಖರ್ಚು ಎಲ್ಲ ಕಳೆದರೆ ಕೈಗೆ ಹತ್ತುವುದು ಅದರಲ್ಲಿ ಅರ್ಧದಿಂದ ಮೂರನೇ ಎರಡು ಭಾಗ.

ಇನ್ನೊಂದು ವಿಷಯ ಆ ಡಬ್ಬಿಯಲ್ಲಿ ಕಾಣುವುದೇ ಇಲ್ಲ: ಅದರಲ್ಲಿ 6 ಗಿಗಾಹರ್ಟ್ಸ್ ಬ್ಯಾಂಡೇ ಇಲ್ಲ. ವೈ-ಫೈ 7 ಎಂದು ಕರೆಸಿಕೊಳ್ಳಲು ಅದು ಕಡ್ಡಾಯವಲ್ಲ. ವೈ-ಫೈ 8 ಎಂದು ಬರೆದ ಅಗ್ಗದ ರೂಟರುಗಳಲ್ಲೂ ಇದೇ ನಡೆಯುತ್ತದೆಂದು ನನ್ನ ಅಂದಾಜು. ಸಣ್ಣಕ್ಷರದಲ್ಲಿ ನಕ್ಷತ್ರ ಚಿಹ್ನೆಯ ಪಕ್ಕ ‘ಮುಂದಿನ ಫರ್ಮ್‌ವೇರ್‌ನಲ್ಲಿ ಲಭ್ಯ’ ಎಂದು ಬರೆದ ಸೌಲಭ್ಯ ಎಷ್ಟೇ ಇರಲಿ, ಅವನ್ನು ಇಲ್ಲವೆಂದೇ ಎಣಿಸಿ. ಮೊದಮೊದಲ ವೈ-ಫೈ 6 ರೂಟರುಗಳಲ್ಲಿ ಕೆಲವು, ಆ ಮಾನದಂಡದ ಮುಖ್ಯ ಅಂಶವಾದ ಓಎಫ್‌ಡಿಎಂಎ (ಒಂದೇ ಪ್ರಸಾರದಲ್ಲಿ ಹಲವು ಸಾಧನಗಳಿಗೆ ದತ್ತಾಂಶ ಹಂಚುವ ತಂತ್ರ) ಇಲ್ಲದೆಯೇ ಮಾರಾಟವಾದವು. ಅದನ್ನು ಆಮೇಲಿನ ಫರ್ಮ್‌ವೇರ್‌ನಲ್ಲಿ ಸೇರಿಸಲಾಯಿತು.

ನಿಮ್ಮ ಇಂಟರ್ನೆಟ್ ಯೋಜನೆ 100 ಎಂಬಿಪಿಎಸ್‌ನದೋ 300ರದೋ ಆಗಿದ್ದರೆ ಹತ್ತು ವರ್ಷ ಹಳೆಯ ವೈ-ಫೈ 5 ಕೂಡ ಅದೇ ಕೋಣೆಯಲ್ಲಿ ಅದನ್ನು ಪೂರ್ತಿ ಕೊಡಬಲ್ಲದು. ದೂರದ ಕೋಣೆಗೆ ಸಿಗ್ನಲ್ ಬಾರದಿರುವುದೇ ನಿಮ್ಮ ಸಂಕಟವಾದರೆ ಹೊಸ ಮಾನದಂಡಕ್ಕಿಂತ ಒಂದು ತಂತಿ ಎಳೆಸಿ ಎರಡನೇ ಆ್ಯಕ್ಸೆಸ್ ಪಾಯಿಂಟ್ ಇಡುವುದು ಹೆಚ್ಚು ಫಲ ಕೊಡುತ್ತದೆ. ಕಾಂಕ್ರೀಟ್ ಗೋಡೆಗೆ 6 ಗಿಗಾಹರ್ಟ್ಸ್ ಇನ್ನಷ್ಟು ಬೇಗ ಸೋಲುತ್ತದೆ.

ಹಂತ 4: ಬೆಸುಗೆ ಹಾಕಿದ್ದನ್ನು ಎಣಿಸಿ

ಪೋರ್ಟುಗಳಿಂದ ಶುರು ಮಾಡಿ. ಇಂಟರ್ನೆಟ್ ತಂತಿ ಬರುವ ಪೋರ್ಟ್ ಎಷ್ಟರದು, ಒಳಗಿನ ಪೋರ್ಟುಗಳು ಎಷ್ಟರವು? ಸಾವಿರಾರು ಎಂಬಿಪಿಎಸ್ ಬಡಾಯಿಯ ರೂಟರಿನಲ್ಲಿ ಎಲ್ಲ ಪೋರ್ಟುಗಳೂ 1 ಗಿಗಾಬಿಟ್ ಆಗಿದ್ದರೆ 2006ರ ಕಥೆಯೇ ಮತ್ತೆ. 2.5 ಗಿಗಾಬಿಟ್‌ನ ಎರಡು ಪೋರ್ಟಾದರೂ ಇರಲಿ. ಆಮೇಲೆ ರೇಡಿಯೊಗಳು: 6 ಗಿಗಾಹರ್ಟ್ಸ್ ಇದೆಯೇ, ಪ್ರತಿ ಬ್ಯಾಂಡಿಗೆ ಎಷ್ಟು ಆಂಟೆನಾ? ಹೊರಗೆ ಕೊಂಬಿನಂತೆ ನಿಂತ ಕಡ್ಡಿಗಳನ್ನು ಎಣಿಸಬೇಡಿ, ವಿವರಪಟ್ಟಿಯ 2×2, 4×4 (ಕಳಿಸುವ ಮತ್ತು ಪಡೆಯುವ ಆಂಟೆನಾಗಳ ಲೆಕ್ಕ) ನೋಡಿ. ಇವು ಮೂರನ್ನೂ ಯಾವ ಫರ್ಮ್‌ವೇರೂ ಬದಲಿಸಲಾರದು. ರ‍್ಯಾಮ್ ಮತ್ತು ಫ್ಲ್ಯಾಶ್ ಎಷ್ಟೆಂದು ಕಂಪನಿ ಬಹಿರಂಗಪಡಿಸಿದ್ದರೆ ಅದನ್ನೂ ಬರೆದುಕೊಳ್ಳಿ. ಮುಂದೆ ಬರುವ ದೊಡ್ಡ ಫರ್ಮ್‌ವೇರ್ ಕೂರುವುದಕ್ಕೆ ಜಾಗ ಬೇಕು.

ಒಂದೇ ಹೆಸರಿನ ರೂಟರಿನ ಒಳಗು ಕಾಲಕ್ರಮದಲ್ಲಿ ಬದಲಾಗುವುದುಂಟು. ಲಿಂಕ್‌ಸಿಸ್‌ನ ಜನಪ್ರಿಯ ಡಬ್ಲ್ಯುಆರ್‌ಟಿ54ಜಿ 2005ರಲ್ಲಿ ಐದನೇ ಆವೃತ್ತಿಗೆ ಬಂದಾಗ ರ‍್ಯಾಮ್ 16ರಿಂದ 8 ಮೆಗಾಬೈಟಿಗೆ, ಫ್ಲ್ಯಾಶ್ 4ರಿಂದ 2 ಮೆಗಾಬೈಟಿಗೆ ಇಳಿಯಿತು, ಲಿನಕ್ಸ್ ಹೋಗಿ ಬೇರೆ ಆಪರೇಟಿಂಗ್ ಸಿಸ್ಟಂ ಬಂತು. ಡಬ್ಬಿಯ ಮೇಲೆ ಅದೇ ಹೆಸರು. ಕರಡು ಕಾಲದಲ್ಲಿ ಇಂಥ ಬದಲಾವಣೆ ಸಹಜ: ಮೊದಲ ಖೇಪಿನ ಚಿಪ್ ಬೇರೆ, ಮುಂದಿನದು ಬೇರೆ. ರೂಟರಿನ ತಳದಲ್ಲಿ ಅಂಟಿಸಿರುವ ಚೀಟಿಯಲ್ಲಿ ‘ವಿ1’, ‘ವಿ2’ ಎಂಬ ಹಾರ್ಡ್‌ವೇರ್ ಆವೃತ್ತಿ ಇರುತ್ತದೆ. ನೀವು ಓದಿದ ವಿಮರ್ಶೆ ಯಾವ ಆವೃತ್ತಿಯದು, ಕೈಗೆ ಬಂದದ್ದು ಯಾವುದು ಎಂದು ಹೋಲಿಸಿ. ಬಿಡುಗಡೆಯಾದ ವಾರದ ವಿಮರ್ಶೆಗಳನ್ನು ನಾನು ನಂಬುವುದು ಕಡಿಮೆ, ಅವರ ಬಳಿಯೂ ಎದುರು ಬದಿಗೆ ಕೂರಿಸಲು ತಕ್ಕ ಫೋನು ಇರುವುದಿಲ್ಲ.

ಮೆಶ್ ಕಿಟ್ (ಮನೆಯ ಹಲವೆಡೆ ಇಟ್ಟು ಒಂದೇ ಜಾಲವಾಗಿ ದುಡಿಸುವ ಘಟಕಗಳ ಗುಂಪು) ಕೊಳ್ಳುವವರಿಗೆ ಒಂದು ಮಾತು. ಘಟಕಗಳ ನಡುವಿನ ಸಂಪರ್ಕ ಹಲವು ಬಾರಿ ಕಂಪನಿಯ ಸ್ವಂತ ವಿಧಾನದ್ದಾಗಿರುತ್ತದೆ. ಮೂರು ಘಟಕ ಬೇಕಿದ್ದರೆ ಮೂರನ್ನೂ ಒಟ್ಟಿಗೆ ಕೊಳ್ಳಿ. ಎರಡು ವರ್ಷ ಬಿಟ್ಟು ಅದೇ ಆವೃತ್ತಿಯ ಒಂದನ್ನು ಹುಡುಕುವುದು ಕಷ್ಟ.

ಹಂತ 5: ಕಂಪನಿಯ ಫರ್ಮ್‌ವೇರ್ ಚರಿತ್ರೆ ತೆಗೆಯಿರಿ

ಕರಡು ರೂಟರ್ ಕೊಳ್ಳುವುದೆಂದರೆ ಕಂಪನಿಯ ಮುಂದಿನ ಕೆಲಸವನ್ನು ಮುಂಗಡವಾಗಿ ಕೊಳ್ಳುವುದು. ಹಾಗಾದರೆ ಆ ಕಂಪನಿ ಹಿಂದೆ ಹೇಗೆ ನಡೆದುಕೊಂಡಿದೆ? ಇದನ್ನು ತಿಳಿಯುವುದು ಸುಲಭ, ಆದರೂ ಯಾರೂ ನೋಡುವುದಿಲ್ಲ. ಕಂಪನಿಯ ಬೆಂಬಲ ಪುಟಕ್ಕೆ ಹೋಗಿ, ಹಿಂದಿನ ಮಾನದಂಡ ಕರಡಿನಲ್ಲಿದ್ದಾಗ ಅವರು ಮಾರಿದ ಮೊದಲ ಮಾದರಿಯ ಡೌನ್‌ಲೋಡ್ ಪುಟ ತೆರೆಯಿರಿ. ಫರ್ಮ್‌ವೇರ್‌ಗಳ ಪಟ್ಟಿ ದಿನಾಂಕಗಳ ಸಮೇತ ಇರುತ್ತದೆ. ಮೊದಲನೆಯದಕ್ಕೂ ಕೊನೆಯದಕ್ಕೂ ನಡುವೆ ಎಷ್ಟು ವರ್ಷ? ಪ್ರಮಾಣಪತ್ರ ಶುರುವಾದ ಮೇಲೆ ಅದಕ್ಕೆ ಹೊಂದುವ ಫರ್ಮ್‌ವೇರ್ ಬಂತೇ, ಎಷ್ಟು ತಿಂಗಳಿಗೆ? ಬದಲಾವಣೆಗಳ ವಿವರದಲ್ಲಿ ನಿರ್ದಿಷ್ಟವಾಗಿ ಏನಾದರೂ ಬರೆದಿದ್ದಾರೆಯೇ, ಅಥವಾ ಪ್ರತಿ ಸಲವೂ ‘ಸ್ಥಿರತೆ ಉತ್ತಮಪಡಿಸಲಾಗಿದೆ’ ಎಂಬ ಒಂದೇ ಸಾಲೇ? ಬಿಡುಗಡೆಯ ವರ್ಷ ಹತ್ತು ಫರ್ಮ್‌ವೇರ್ ಕೊಟ್ಟು ಮರುವರ್ಷದಿಂದ ಮೌನವಾದ ಕಂಪನಿಯ ಮೇಲೆ ಭರವಸೆ ಇಡಬೇಡಿ.

ಇನ್ನೊಂದು ಉಪಾಯ. ಬ್ರಿಟನ್‌ನಲ್ಲಿ 2024ರ ಏಪ್ರಿಲ್ 29ರಿಂದ ಜಾರಿಯಾಗಿರುವ ಕಾನೂನಿನ ಪ್ರಕಾರ ಇಂಟರ್ನೆಟ್‌ಗೆ ಜೋಡಿಸುವ ಗೃಹೋಪಯೋಗಿ ಸಾಧನಗಳಿಗೆ ಕನಿಷ್ಠ ಯಾವ ದಿನದವರೆಗೆ ಭದ್ರತಾ ಅಪ್‌ಡೇಟ್ ಕೊಡುತ್ತೇವೆಂದು ತಯಾರಕರು ಬಹಿರಂಗವಾಗಿ ಹೇಳಬೇಕು. ನೀವು ಕೊಳ್ಳುವುದು ಹುಬ್ಬಳ್ಳಿಯಲ್ಲಾದರೂ ಸರಿ, ಅದೇ ಮಾದರಿ ಬ್ರಿಟನ್‌ನಲ್ಲೂ ಮಾರಾಟಕ್ಕಿದ್ದರೆ ಕಂಪನಿಯ ಬ್ರಿಟನ್ ತಾಣದಲ್ಲಿ ಆ ದಿನಾಂಕ ಸಿಗುತ್ತದೆ. ಭಾರತಕ್ಕೆ ಅದು ಕಾನೂನುಬದ್ಧ ಭರವಸೆಯಲ್ಲ, ಆದರೆ ಕಂಪನಿಯ ಮನಸ್ಸಿನ ಲೆಕ್ಕ ಗೊತ್ತಾಗುತ್ತದೆ. ಮಾನದಂಡ ಅಂತಿಮವಾಗುವ ವರ್ಷಕ್ಕೂ ಮೊದಲೇ ಆ ದಿನ ಮುಗಿಯುವಂತಿದ್ದರೆ ಡಬ್ಬಿ ಕೆಳಗಿಡಿ.

ಕಂಪನಿ ಕೈಬಿಟ್ಟರೆ ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ಫರ್ಮ್‌ವೇರ್ ಹಾಕಿಕೊಳ್ಳುತ್ತೇನೆ ಎನ್ನುವ ಲಿನಕ್ಸ್ ಬಲ್ಲವರೂ ಹುಷಾರಾಗಿರಬೇಕು. ಹೊಚ್ಚಹೊಸ ಚಿಪ್‌ಗಳಿಗೆ ಮುಕ್ತ ಡ್ರೈವರುಗಳು ತಡವಾಗಿ ಬರುತ್ತವೆ, ಕೆಲವಕ್ಕೆ ಬರುವುದೇ ಇಲ್ಲ.

ಹಂತ 6: ನಮ್ಮ ದೇಶದ ತರಂಗಾಂತರಕ್ಕೆ ಹೊಂದುತ್ತದೆಯೇ

ಇದು ಅಮೆರಿಕದ ವಿಮರ್ಶೆಗಳಲ್ಲಿ ಸಿಗದ ಭಾಗ. ಅಮೆರಿಕ 2020ರಲ್ಲಿ 6 ಗಿಗಾಹರ್ಟ್ಸ್‌ನ 1200 ಮೆಗಾಹರ್ಟ್ಸ್ ಪಟ್ಟಿಯನ್ನು ವೈ-ಫೈಗೆ ತೆರೆಯಿತು. ಅಲ್ಲಿ 320 ಮೆಗಾಹರ್ಟ್ಸ್ ಅಗಲದ ಚಾನೆಲ್‌ಗಳು ಮೂರು ಕೂರುತ್ತವೆ. ಭಾರತದಲ್ಲಿ ದೂರಸಂಪರ್ಕ ಇಲಾಖೆ 2025ರ ಮೇ ತಿಂಗಳಿನಲ್ಲಿ ಹೊರಡಿಸಿದ ಕರಡು ನಿಯಮ ವೈ-ಫೈಗೆ ಕೊಡಹೊರಟದ್ದು 5925ರಿಂದ 6425 ಮೆಗಾಹರ್ಟ್ಸ್‌ವರೆಗಿನ 500 ಮೆಗಾಹರ್ಟ್ಸ್ ಮಾತ್ರ, ಅದೂ ಕಡಿಮೆ ಶಕ್ತಿಯ ಸಾಧನಗಳಿಗೆ. ಇಷ್ಟರಲ್ಲಿ ಅಂಥ ಅಗಲದ ಚಾನೆಲ್ ಕೂರುವುದು ಒಂದೇ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಎಲ್ಲರೂ 320 ಎಂದು ಹಾಕಿಕೊಂಡರೆ ಎಲ್ಲರೂ ಅದೇ ಒಂದು ಚಾನೆಲ್ಲಿನಲ್ಲಿ ಸರದಿಗೆ ನಿಲ್ಲಬೇಕು.

ಆದ್ದರಿಂದ ಅಮೆರಿಕದಲ್ಲಿರುವ ಅಣ್ಣನೋ ಮಗಳೋ ಊರಿಗೆ ಬರುವಾಗ ಪೆಟ್ಟಿಗೆಯಲ್ಲಿ ರೂಟರ್ ತರಿಸುವ ಯೋಚನೆ ಇದ್ದವರು ಎರಡು ಬಾರಿ ಯೋಚಿಸಿ. ಅಲ್ಲಿ ಮಾರುವ ರೂಟರುಗಳಲ್ಲಿ ದೇಶದ ಆಯ್ಕೆಯನ್ನು ಅಮೆರಿಕಕ್ಕೇ ಬೀಗ ಹಾಕಿರುವುದು ಸಾಮಾನ್ಯ. ಅದು ಇಲ್ಲಿ ಅನುಮತಿಯಿಲ್ಲದ ತರಂಗಾಂತರದಲ್ಲಿ, ಇಲ್ಲಿ ಒಪ್ಪದ ಶಕ್ತಿಯಲ್ಲಿ ಪ್ರಸಾರ ಮಾಡಬಹುದು. ವಾರಂಟಿಯೂ ಬಹುತೇಕ ಕೊಂಡ ದೇಶಕ್ಕೇ ಸೀಮಿತ. ಕರಡು ಕಾಲದ ಸಾಧನಕ್ಕೆ ವಾರಂಟಿ ಇಲ್ಲದಿರುವುದು ದೊಡ್ಡ ಕೊರತೆ. ಬಿಲ್ಲಿಲ್ಲದೆ ಅಗ್ಗಕ್ಕೆ ಸಿಗುವ ಹೊರದೇಶದ ಡಬ್ಬಿಗೂ ಇದೇ ಮಾತು. ಭಾರತಕ್ಕೆಂದೇ ಬಂದ ಮಾದರಿಯ ಡಬ್ಬಿಯ ಮೇಲೆ ಆಮದುದಾರರ ಹೆಸರು, ಎಂಆರ್‌ಪಿ, ಅಡಾಪ್ಟರ್ ಮೇಲೆ ಬಿಐಎಸ್ ಗುರುತು ಇರುತ್ತವೆ. 6 ಗಿಗಾಹರ್ಟ್ಸ್ ಈ ಮಾದರಿಯಲ್ಲಿ ಇಲ್ಲಿ ಚಾಲೂ ಆಗಿದೆಯೇ ಎಂದು ಕಂಪನಿಯ ಭಾರತದ ಸಹಾಯವಾಣಿಗೆ ಇಮೇಲ್ ಬರೆದು ಕೇಳಿ, ಉತ್ತರವನ್ನು ಉಳಿಸಿಕೊಳ್ಳಿ. ಅಂಗಡಿಯವರ ಬಾಯಿಮಾತು ಸಾಲದು.

ಕೊಳ್ಳುವ ಮೊದಲು ಇಂಟರ್ನೆಟ್ ಕಂಪನಿಯನ್ನೂ ವಿಚಾರಿಸಿ. ಅವರು ಕೊಟ್ಟಿರುವ ಫೈಬರ್ ಡಬ್ಬಿಯನ್ನು ಬ್ರಿಜ್ ಮೋಡಿಗೆ (ಅದು ರೂಟರಿನ ಕೆಲಸ ಬಿಟ್ಟು ಸಂಪರ್ಕವನ್ನಷ್ಟೇ ದಾಟಿಸುವ ವ್ಯವಸ್ಥೆ) ಹಾಕಿಕೊಡುತ್ತಾರೆಯೇ, ನಿಮ್ಮ ರೂಟರಿನಿಂದ ಲಾಗಿನ್ ಆಗಲು ಬೇಕಾದ ಪಿಪಿಪಿಓಇ ಬಳಕೆದಾರ ಹೆಸರು ಮತ್ತು ಪಾಸ್‌ವರ್ಡ್ ಕೊಡುತ್ತಾರೆಯೇ? ಆ ಡಬ್ಬಿಯ ಪೋರ್ಟ್ 1 ಗಿಗಾಬಿಟ್ ಆಗಿದ್ದರೆ ನಿಮ್ಮ ಹೊಸ ರೂಟರಿನ 10 ಗಿಗಾಬಿಟ್ ಪೋರ್ಟ್ ಒಳಗಿನ ಜಾಲಕ್ಕಷ್ಟೇ ಉಪಯೋಗ.

ಹಂತ 7: ಬೆಲೆಯ ಲೆಕ್ಕ

2023ರಲ್ಲಿ ಅಮೆರಿಕದಲ್ಲಿ ಮೊದಲ ವೈ-ಫೈ 7 ರೂಟರುಗಳ ಬೆಲೆ 700 ಡಾಲರಿನ ಆಸುಪಾಸಿನಲ್ಲಿತ್ತು. ಎರಡು ವರ್ಷದೊಳಗೆ 100 ಡಾಲರಿಗೆ ಎರಡು ಬ್ಯಾಂಡಿನ ವೈ-ಫೈ 7 ಸಿಗತೊಡಗಿತು. ಎರಡೂ ಒಂದೇ ದರ್ಜೆಯವಲ್ಲ ನಿಜ, ಆದರೂ ಇಳಿತದ ದಿಕ್ಕು ಗೊತ್ತಾಗುತ್ತದೆ. ಹೊಸ ಮಾನದಂಡ ಬಂದೊಡನೆ ಹಿಂದಿನ ಮಾನದಂಡದ ಮೇಲ್ದರ್ಜೆಯ ರೂಟರುಗಳ ಬೆಲೆಯೂ ಇಳಿಯುತ್ತದೆ. ನನ್ನ ಸಲಹೆ ಕೇಳಿದರೆ, ಕರಡು ಕಾಲದಲ್ಲಿ ಅತ್ಯುತ್ತಮ ಖರೀದಿ ಅದೇ: ಫರ್ಮ್‌ವೇರ್ ಪಳಗಿದ, ಪ್ರಮಾಣಪತ್ರವಿರುವ, ಹಿಂದಿನ ತಲೆಮಾರಿನ ಮೇಲ್ದರ್ಜೆ.

ಆದರೂ ಕರಡು ರೂಟರೇ ಬೇಕೆಂದರೆ ಹೀಗೆ ಲೆಕ್ಕ ಹಾಕಿ. ಹೊಸ ಮಾನದಂಡದ ಒಂದು ಸೌಲಭ್ಯವೂ ಎಂದಿಗೂ ಬರುವುದಿಲ್ಲ ಎಂದುಕೊಳ್ಳಿ. ಪೋರ್ಟು, ರೇಡಿಯೊ, ರ‍್ಯಾಮ್ ಇಷ್ಟನ್ನೇ ನೋಡಿದರೆ ಈ ಡಬ್ಬಿಗೆ ಎಷ್ಟು ಕೊಡುತ್ತಿದ್ದಿರಿ? ಕೇಳುತ್ತಿರುವ ಬೆಲೆ ಅದಕ್ಕಿಂತ ತುಸುವೇ ಹೆಚ್ಚಿದ್ದರೆ ಕೊಳ್ಳಿ. ಒಂದೂವರೆ ಪಟ್ಟು, ಎರಡು ಪಟ್ಟು ಇದ್ದರೆ ಆ ಹೆಚ್ಚಿನ ಹಣ ಹೋಗುವುದು ಹೆಸರಿಗೆ. ಮನೆಯ ರೂಟರ್ ಕೆಟ್ಟು ಇಂದೇ ಹೊಸದು ಬೇಕಾದವರು, ದಾಸ್ತಾನು ಸರ್ವರ್ ಇಟ್ಟುಕೊಂಡು ಒಳಜಾಲದಲ್ಲಿ ದೊಡ್ಡ ಫೈಲುಗಳನ್ನು ಸಾಗಿಸುವವರು, ಇದೇ ವೃತ್ತಿಯಲ್ಲಿದ್ದು ಹೊಸದನ್ನು ಪರೀಕ್ಷಿಸಲೇಬೇಕಾದವರು ಕೊಂಡರೆ ಅರ್ಥವಿದೆ. ಉಳಿದವರಿಗೆ ಅವಸರವೇನು?

ಹಂತ 8: ಬದಲಿ ಅವಧಿಯೊಳಗೆ ಪರೀಕ್ಷೆ

ಕೊಂಡಾಯಿತು. ಹಳೆಯ ರೂಟರನ್ನು ಎಸೆಯಬೇಡಿ, ಮಾರಲೂಬೇಡಿ. ಅಂಗಡಿಯ ಬದಲಿ ಅವಧಿ ಮುಗಿಯುವುದರೊಳಗೆ ಈ ಕೆಲಸಗಳನ್ನು ಮುಗಿಸಿ.

ಮೊದಲು ಫರ್ಮ್‌ವೇರ್ ಏರಿಸಿ, ಆಮೇಲೆ ಹೊಸ ಸೌಲಭ್ಯಗಳನ್ನೆಲ್ಲ ಆಫ್ ಮಾಡಿ, ಹಳೆಯ ಜಾಲದ ಹೆಸರು ಮತ್ತು ಪಾಸ್‌ವರ್ಡನ್ನೇ ಕೊಡಿ. ಮನೆಯ ಎಲ್ಲ ಸಾಧನಗಳೂ ತಾವಾಗಿ ಸೇರಿಕೊಳ್ಳುತ್ತವೆಯೇ ನೋಡಿ. ತಂಟೆ ಮಾಡುವುದು ಸಾಮಾನ್ಯವಾಗಿ ಪ್ರಿಂಟರ್, ಸಿಸಿಟಿವಿ, ಸ್ಮಾರ್ಟ್ ಪ್ಲಗ್‌ಗಳು. ಇವು 2.4 ಗಿಗಾಹರ್ಟ್ಸ್ ಮತ್ತು ಡಬ್ಲ್ಯುಪಿಎ2 ಎಂಬ ಹಳೆಯ ಭದ್ರತಾ ವಿಧಾನ ಮಾತ್ರ ಬಲ್ಲವು. ಹೊಸ ಮಾನದಂಡಗಳಿಗೆ ಡಬ್ಲ್ಯುಪಿಎ3 ಬೇಕು. ಇವುಗಳಿಗಾಗಿ ಬೇರೆ ಹೆಸರಿನ ಒಂದು ಹಳೆಯ ಮಾದರಿಯ ಜಾಲ ಮಾಡಿಡುವುದು ಕೊನೆಗೆ ಎಲ್ಲರೂ ಕಂಡುಕೊಳ್ಳುವ ಪರಿಹಾರ, ಮೊದಲೇ ಮಾಡಿಬಿಡಿ.

ಹಳೆಯ ಲ್ಯಾಪ್‌ಟಾಪ್ ಹೊಸ ಜಾಲವನ್ನು ಕಾಣುವುದೇ ಇಲ್ಲವೇ? ರೂಟರನ್ನು ಬೈಯುವ ಮೊದಲು ಲ್ಯಾಪ್‌ಟಾಪಿನ ವೈ-ಫೈ ಡ್ರೈವರ್ ಹೊಸದಾಗಿಸಿ. ವೈ-ಫೈ 6 ಬಂದಾಗ ಇಂಟೆಲ್‌ನ ಹಲವು ಹಳೆಯ ಕಾರ್ಡುಗಳು ಹಳೆಯ ಡ್ರೈವರಿನಲ್ಲಿ ಆ ಜಾಲಗಳನ್ನು ಪಟ್ಟಿಯಲ್ಲೇ ತೋರಿಸುತ್ತಿರಲಿಲ್ಲ. ಡ್ರೈವರ್ ಏರಿಸಿದರೆ ಸರಿಹೋಗುತ್ತಿತ್ತು.

ಎಲ್ಲವೂ ಒಂದು ದಿನ ಸುಸೂತ್ರವಾಗಿ ನಡೆದ ಮೇಲೆ ಹೊಸ ಸೌಲಭ್ಯಗಳನ್ನು ಒಂದೊಂದಾಗಿ ಹಾಕಿ. ಒಂದು ಹಾಕಿ, ಒಂದು ದಿನ ಬಿಟ್ಟು, ಇನ್ನೊಂದು. ಎಲ್ಲವನ್ನೂ ಒಮ್ಮೆಗೆ ಹಾಕಿದರೆ ವಿಡಿಯೊ ಕರೆ ತುಂಡಾದಾಗ ಯಾವುದು ಕಾರಣವೆಂದು ತಿಳಿಯುವುದಿಲ್ಲ. ವೇಗ ಅಳೆಯಲು ಇಂಟರ್ನೆಟ್ ಸ್ಪೀಡ್ ಟೆಸ್ಟ್ ಬಳಸಿದರೆ ನಿಮ್ಮ ಯೋಜನೆಯ ವೇಗ ಕಾಣುತ್ತದೆ, ರೂಟರಿನದ್ದಲ್ಲ. ತಂತಿಯಲ್ಲಿ ಜೋಡಿಸಿದ ಒಂದು ಕಂಪ್ಯೂಟರ್, ವೈ-ಫೈಯಲ್ಲಿರುವ ಇನ್ನೊಂದು, ಎರಡರಲ್ಲೂ ಐಪರ್ಫ್3 ಎಂಬ ಉಚಿತ ತಂತ್ರಾಂಶ ಹಾಕಿ ಅಳೆಯಿರಿ. ರೂಟರ್ ಪಕ್ಕದಲ್ಲಿ ಒಮ್ಮೆ, ಮನೆಯ ಅತಿ ದೂರದ ಕೋಣೆಯಲ್ಲಿ ಒಮ್ಮೆ. ಅದೇ ಜಾಗಗಳಲ್ಲಿ ಹಳೆಯ ರೂಟರಿನಿಂದಲೂ ಅಳೆದಿಟ್ಟುಕೊಂಡಿರಬೇಕು, ಇಲ್ಲದಿದ್ದರೆ ಹೋಲಿಕೆಗೆ ಏನೂ ಇರುವುದಿಲ್ಲ. ದೂರದ ಕೋಣೆಯಲ್ಲಿ ಹೊಸದು ಹಳೆಯದಕ್ಕಿಂತ ಗಣನೀಯವಾಗಿ ಮುಂದಿಲ್ಲವಾದರೆ, ಅಥವಾ ದಿನಕ್ಕೊಮ್ಮೆ ಮರುಚಾಲನೆ ಬೇಡುತ್ತಿದ್ದರೆ, ಮುಂದಿನ ಫರ್ಮ್‌ವೇರ್ ಬರಲಿ ಎಂದು ಕಾಯದೆ ಅವಧಿಯೊಳಗೆ ವಾಪಸು ಮಾಡಿ.

ಮಾನದಂಡ ಅಂತಿಮವಾದ ಮೇಲೆ

ವೈ-ಫೈ ಅಲಯನ್ಸ್ ವೈ-ಫೈ 8ಕ್ಕೆ ಪ್ರಮಾಣಪತ್ರ ಕೊಡಲು ಶುರು ಮಾಡಿದ ಸುದ್ದಿ ಬಂದ ದಿನ ನಿಮ್ಮ ರೂಟರಿನ ಬೆಂಬಲ ಪುಟವನ್ನು ಬುಕ್‌ಮಾರ್ಕಿನಿಂದ ತೆರೆಯಿರಿ. ಆರು ತಿಂಗಳೊಳಗೆ ‘ಅಂತಿಮ ಮಾನದಂಡಕ್ಕೆ ಹೊಂದಿಕೆ’ ಎಂಬರ್ಥದ ಫರ್ಮ್‌ವೇರ್ ಬಂದರೆ ಹಾಕಿ. ಹಾಕುವ ಮೊದಲು ಈಗಿನ ಸೆಟ್ಟಿಂಗ್‌ಗಳ ಬ್ಯಾಕಪ್ ತೆಗೆದುಕೊಳ್ಳಿ, ಹಾಕಿದ ಮೇಲೆ ಒಮ್ಮೆ ಫ್ಯಾಕ್ಟರಿ ರೀಸೆಟ್ ಮಾಡಿ ಹೊಸದಾಗಿ ಹೊಂದಿಸಿ, ಕರಡು ಕಾಲದ ಹಳೆಯ ಸೆಟ್ಟಿಂಗ್ ಉಳಿದು ಗೊಂದಲ ಮಾಡಬಾರದು. ಫರ್ಮ್‌ವೇರ್ ಬರದಿದ್ದರೆ ಹೊಸ ಸೌಲಭ್ಯಗಳನ್ನು ಆಫ್ ಮಾಡಿ, ಅದನ್ನು ವೈ-ಫೈ 7 ರೂಟರಾಗಿಯೇ ಬಳಸಿ. ಭದ್ರತಾ ಅಪ್‌ಡೇಟ್ ನಿಂತ ವರ್ಷ ಇಂಟರ್ನೆಟ್ ಎದುರಿನಿಂದ ತೆಗೆದು, ಇನ್ನೊಂದು ರೂಟರಿನ ಹಿಂದೆ ಆ್ಯಕ್ಸೆಸ್ ಪಾಯಿಂಟಾಗಿ ಕೂರಿಸಿ.